ಗೆರೆಯ ಮೇಲೆ ಬಿದ್ದದ್ದು

ಮಸ್ಕಿಯ ಕಾಲುವೆ ಕ್ಯಾಂಪಿನಲ್ಲಿ ಲಸ್ಕರ್ ಆಗಿದ್ದ ಮೈಲಾರಲಿಂಗಪ್ಪನಿಗೆ, ಯಾರನ್ನೂ ನಂಬದೆ ಇರುವುದಕ್ಕೇ ಸರಕಾರ ಸಂಬಳ ಕೊಡುತ್ತಿತ್ತು. ಉಪಕಾಲುವೆಯ ಗೇಟುಗಳನ್ನು ರೈತರ ಪಾಳಿಯಂತೆ ಏರಿಸುವುದು, ಇಳಿಸಿ ಬೀಗ ಜಡಿಯುವುದು, ಮರುದಿನ ಬಂದು ಆ ಬೀಗವನ್ನು ಯಾರು ಮುಟ್ಟಿರಬಹುದೆಂದು ಬಗ್ಗಿ ನೋಡುವುದು. ಹತ್ತು ವರ್ಷಗಳಿಂದ ಇದೇ ಕೆಲಸ. ಓದು ಬಾರದ ಅವನು ಗೇಟಿನ ತಿರುಪು ಎಷ್ಟು ಸುತ್ತು ತಿರುಗಿತೆಂಬುದನ್ನು ಒಂದು ನೂಲಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದ. ಓವರ್‌ಸಿಯರನ ಪುಸ್ತಕ ತಪ್ಪಿದರೂ ಆ ನೂಲು ತಪ್ಪುವುದಿಲ್ಲವೆಂದು ಕ್ಯಾಂಪಿನಲ್ಲಿ ಮಾತಿತ್ತು.

ಅವನ ಮಗಳು ಯಮನೂರಮ್ಮ ಕ್ಯಾಂಪಿನ ಇಂಜಿನಿಯರುಗಳ ಹೆಂಡಂದಿರ ಜೊತೆ ಆಡುತ್ತಾಡುತ್ತಾ ಬ್ಯಾಡ್ಮಿಂಟನ್ ಕಲಿತಳು. ಅರವತ್ತೆಂಟರ ನವೆಂಬರಿನಲ್ಲಿ, ತಾಲೂಕಿನ ಹುಡುಗಿಯರ ಕೊನೆಯ ಪಂದ್ಯಕ್ಕೆ ಅವಳು ಲಿಂಗಸುಗೂರಿಗೆ ಹೊರಟಳು. ಗೆದ್ದವಳು ರಾಯಚೂರಿಗೆ ಆಡಲು ಹೋಗುವಳು, ಸೋತವಳು ಮನೆಗೆ. ರಾಯಚೂರಿನಲ್ಲಿ ರೈಲು ಇತ್ತು. ಹದಿನೈದು ತುಂಬಿದರೂ ಅವಳು ರೈಲನ್ನು ಕಂಡಿರಲಿಲ್ಲ.

"ಯಪ್ಪಾ, ಅಲ್ಲಿ ಯಾರ ಜೋಡೀನೂ ಜಗಳ ತೆಗೀಬ್ಯಾಡ," ಎಂದಳು ಬಸ್ಸಿನಲ್ಲಿ.

"ನಾ ಯಾಕ ತೆಗೀಲಿ? ಅವರು ಸರಿ ಇದ್ರ ನಾನೂ ಸರಿ."

"ಅದಾ ನನಗ ಹೆದರಿಕಿ."

ಲಿಂಗಸುಗೂರಿನ ಆಟದ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಬದಿಯ ಗೆರೆ ಕಾಯಲು ಒಬ್ಬ ಗುಮಾಸ್ತ ಸ್ಟೂಲು ಹಾಕಿಕೊಂಡು ಕೂತಿದ್ದ. ಅಂಪೈರ್ ಆಗಿ ನಿಂತವನು ಅದೇ ಊರಿನ ಡ್ರಿಲ್ ಮಾಸ್ತರ ಕರಿಬಸಪ್ಪ. ಎದುರಾಳಿ ಜಮೀಲಾ ಕೂಡ ಅದೇ ಊರಿನವಳು. ಅವಳ ಅಜ್ಜಿ ಖಾತೂನ್‌ಬೀ ಬೇವಿನ ನೆರಳಲ್ಲಿ ತಂಬಿಗೆ ಇಟ್ಟುಕೊಂಡು ಕೂತಿದ್ದಳು. ಆಟಕ್ಕೆ ಮುಂಚೆ ಕರಿಬಸಪ್ಪ ಆ ತಂಬಿಗೆಯ ನೀರು ಕುಡಿದದ್ದನ್ನು ಮೈಲಾರಲಿಂಗಪ್ಪ ಕಂಡ. ಲೋಕದಲ್ಲಿ ನೀರು ಸುಮ್ಮನೆ ಹರಿಯುವುದಿಲ್ಲವೆಂಬುದು ಅವನ ಅನುಭವ.

ನೂಲನ್ನು ತೆಗೆದ. ಶಟಲ್ ಜಮೀಲಾಳ ಕಡೆ ಬಿದ್ದಾಗಲೆಲ್ಲ ಒಂದು ಗಂಟು. ಹನ್ನೊಂದು ಪಾಯಿಂಟಿಗೆ ಆಟ ಮುಗಿಯುತ್ತದೆಂದು ಮಗಳು ಹೇಳಿದ್ದಳು. ಹನ್ನೊಂದನೆಯ ಗಂಟು ಬಿದ್ದಾಗ ಅವನು ತಲೆಯೆತ್ತಿದ. ಕರಿಬಸಪ್ಪ ಯಮನೂರಮ್ಮನ ಹೆಸರಿಗೆ ಐದು ಎಂದು ಕೂಗುತ್ತಿದ್ದ. ಮುಂದಿನ ಸರ್ವಿಸಿಗೆ ಅವಳ ಬ್ಯಾಟು ಸೊಂಟಕ್ಕಿಂತ ಮೇಲೆ ಹೋಯಿತೆಂದು ಹೇಳಿ, ಸರ್ವಿಸನ್ನು ಕಸಿದು ಜಮೀಲಾಳಿಗೆ ಕೊಟ್ಟ. ಹದಿನಾಲ್ಕನೆಯ ಗಂಟಿನ ಹೊತ್ತಿಗೆ ಮೊದಲ ಆಟ ಮುಗಿದಿತ್ತು. ಜಮೀಲಾಗೆ ಹನ್ನೊಂದು, ಯಮನೂರಮ್ಮನಿಗೆ ಆರು.

ಮೈಲಾರಲಿಂಗಪ್ಪ ನೂಲನ್ನು ಹಿಡಿದುಕೊಂಡೇ ಅಂಗಳಕ್ಕೆ ನಡೆದ.

"ಮಾಸ್ತರ್ರ, ಇದರಾಗ ಹದಿನಾಲ್ಕ ಅದಾವ. ನಿಮ್ಮ ಬಾಯಾಗ ಆರ ಅದಾವ. ಎಂಟು ಎಲ್ಲಿ ಹೋದ್ವು?"

"ಏನ್ರಿ ಇದು, ದಾರ?"

"ಲೆಕ್ಕ."

ಸುತ್ತ ನಿಂತವರು ನಕ್ಕರು. ಯಮನೂರಮ್ಮ ಓಡಿಬಂದು ಅಪ್ಪನ ತೋಳು ಹಿಡಿದಳು. ಮುಖ ಕೆಂಪಾಗಿತ್ತು, ಆಟದಿಂದಲ್ಲ.

"ಯಪ್ಪಾ, ಪಾಳಿ ಇದ್ದವರಿಗಷ್ಟ ಪಾಯಿಂಟು. ನಾ ಸರ್ವಿಸ್ ಮಾಡಿ ಗೆದ್ರ ನನಗೊಂದು ಪಾಯಿಂಟು. ಆಕಿ ಸರ್ವಿಸ್ ಮಾಡಿದಾಗ ನಾ ಗೆದ್ರ, ಪಾಯಿಂಟಿಲ್ಲ, ಬರೇ ಪಾಳಿ ನನ್ನ ಕೈಗೆ ಬರ್ತದ. ನಿನ್ನ ಗೇಟಿನಂಗ."

"ಅಂದ್ರ, ಪಾಳಿ ಇಲ್ಲದವನು ಎಷ್ಟು ದುಡಿದ್ರೂ ಹೊಲಕ್ಕ ನೀರಿಲ್ಲ."

"ನೀರಿಲ್ಲ. ಪಾಳಿ ಬರ್ತದ."

ಕಾನೂನು ನ್ಯಾಯವಾಗಿಯೇ ಇತ್ತು. ಅದು ನ್ಯಾಯವಾಗಿದ್ದದ್ದೇ ಅವನಿಗೆ ಇನ್ನಷ್ಟು ಅನುಮಾನ ತಂದಿತು. ಹಿಂದಕ್ಕೆ ಹೋಗಿ ಹೊಸ ಗಂಟುಗಳನ್ನು ಶುರುಮಾಡಿದ, ಈ ಸಲ ಮಗಳ ಪಾಳಿಯಲ್ಲಿ ಬಿದ್ದದ್ದಕ್ಕೆ ಮಾತ್ರ. ಎರಡನೆಯ ಆಟ ಯಮನೂರಮ್ಮನದಾದಾಗ ನೂಲಿನಲ್ಲೂ ಹನ್ನೊಂದು, ಕರಿಬಸಪ್ಪನ ಬಾಯಲ್ಲೂ ಹನ್ನೊಂದು. ಲೆಕ್ಕ ಕೂಡಿಬಂದ ದಿನ ಲಸ್ಕರನಿಗೆ ಮಾಡಲು ಕೆಲಸವಿರುವುದಿಲ್ಲ; ಅವನು ಸುಮ್ಮನೆ ಗೊಣಗಿದ, ಗೆರೆ ಕಾಯುವ ಗುಮಾಸ್ತನ ಕಣ್ಣು ಸರಿ ಇಲ್ಲವೆಂದು.

ಅಷ್ಟರಲ್ಲಿ ಗುಮಾಸ್ತನ ಸಿಂಧನೂರು ಬಸ್ಸಿಗೆ ಹೊತ್ತಾಯಿತು, ಅವನು ಎದ್ದು ಹೋದ. ಬೇಸತ್ತಿದ್ದ ಕರಿಬಸಪ್ಪ ಖಾಲಿಯಾದ ಸ್ಟೂಲನ್ನು ತೋರಿಸಿದ.

"ಬರ್ರಿ ಲಸ್ಕರಪ್ಪ. ನಿಮಗ ನಮ್ಮ ಮ್ಯಾಲ ನಂಬಿಕಿ ಇಲ್ಲ. ಈ ಬದಿ ಗೆರಿ ನೀವ ಕಾಯ್ರಿ. ಗೆರಿ ಮ್ಯಾಲ ಬಿದ್ರೂ ಒಳಗ. ಗೆರಿ ದಾಟಿದ್ರ ಹೊರಗ. ಇಷ್ಟ ಹೇಳೂದು."

ಬೇವಿನ ನೆರಳಿನಿಂದ ಖಾತೂನ್‌ಬೀ ಎದ್ದಳು. ಆಟದ ಕಾನೂನು ಅವಳಿಗೆ ಒಂದೂ ತಿಳಿದಿರಲಿಲ್ಲ. ಮನುಷ್ಯರ ಕಾನೂನು ಚೆನ್ನಾಗಿ ತಿಳಿದಿತ್ತು.

"ಮಾಸ್ತರ್, ಹುಡುಗಿ ಅಪ್ಪಗ ಗೆರಿ ಕೊಟ್ಟಮ್ಯಾಲ ನನಗೂ ಕೊಡ್ರಿ. ನಾ ಏನ್ ಪಾಪ ಮಾಡೀನಿ?"

"ಕೂಡ್ರಿ, ನೀವೂ ಕೂಡ್ರಿ," ಎಂದ ಕರಿಬಸಪ್ಪ. ಹೀಗೆ ಒಂದು ಗೆರೆಗೆ ಇಬ್ಬರಾದರು.

"ಏನ್ ಕೆಲ್ಸ ಮಾಡ್ತಿ?" ಕೇಳಿದಳು ಅವಳು, ಗೆರೆಯಿಂದ ಕಣ್ಣು ತೆಗೆಯದೆ.

"ಕಾಲುವಿ ಲಸ್ಕರ್."

"ಹಾಂ. ನನ್ನ ತಮ್ಮನ ಹೊಲಕ್ಕ ನೀರು ಬಿಡದವರು ನೀವಾ."

"ನಿಮ್ಮ ತಮ್ಮನ ಹೊಲ ಎಲ್ಲದ, ಬೀ?"

"ನಿನಗ ಯಾಕ ಹೇಳ್ಲಿ?"

ಮೂರನೆಯ ಆಟ ಹಗ್ಗದಂತೆ ಅತ್ತ ಇತ್ತ ಎಳೆದಾಡಿತು. ಬಿಸಿಲು ಬಾಡಿ, ಬಲೆಯ ನೆರಳು ಉದ್ದವಾಗಿ ಬೇವಿನ ಬುಡವನ್ನು ಮುಟ್ಟಿತು. ಪಾಳಿ ಜಮೀಲಾಳದು, ಅವಳಿಗೆ ಹತ್ತು, ಯಮನೂರಮ್ಮನಿಗೆ ಎಂಟು. ಇನ್ನೊಂದು ಪಾಯಿಂಟಿಗೆ ರಾಯಚೂರು ಜಮೀಲಾಳ ಪಾಲಾಗುತ್ತಿತ್ತು.

ಜಮೀಲಾ ಎತ್ತಿ ಹೊಡೆದ ಶಟಲ್ ಯಮನೂರಮ್ಮನ ಬ್ಯಾಟನ್ನು ದಾಟಿ ಬದಿಯ ಗೆರೆಯ ಬಳಿ ಬಿತ್ತು. ಬಿದ್ದಲ್ಲಿ ಸುಣ್ಣ ಎದ್ದಿತು, ಒಂದು ಉಸಿರಿನಷ್ಟು. ಮೈಲಾರಲಿಂಗಪ್ಪ ನೋಡಿದ. ಅಂಗಳವೆಲ್ಲ ಅವನ ಕಡೆ ತಿರುಗಿತು. ಮಗಳೂ ತಿರುಗಿದಳು.

"ಒಳಗ," ಎಂದ ಅವನು.

"ಹೊರಗ," ಎಂದಳು ಖಾತೂನ್‌ಬೀ, ಅವನ ಮಾತು ಮುಗಿಯುವ ಮೊದಲೇ. "ಈತ ಸುಳ್ಳು ಹೇಳಾಕತ್ತಾನ. ನಾ ಕಣ್ಣಾರೆ ಕಂಡೀನಿ, ಹೊರಗ."

"ನಾನೀ," ಎಂದಳು ಜಮೀಲಾ ಅಜ್ಜಿಯ ಕಡೆ ತಿರುಗಿ, "ಒಳಗಾ ಬಿದ್ದದ."

"ನೀ ಸುಮ್ನಿರು. ನಿನಗ ತಿಳಿಯಂಗಿಲ್ಲ."

ಕರಿಬಸಪ್ಪನ ಕಣ್ಣಿಗೆ ಬಲೆಯ ಕಂಬ ಅಡ್ಡವಾಗಿತ್ತು. ಗೆರೆ ಕಾಯುವ ಇಬ್ಬರೂ ಒಂದೊಂದು ಹೇಳಿದರು. ಆಡುವವಳ ಮಾತಿಗೆ ಲೆಕ್ಕವಿಲ್ಲ. "ಲೆಟ್," ಎಂದ ಅವನು. "ಯಾರಿಗೂ ಇಲ್ಲ. ಅದೇ ಸರ್ವಿಸ್ ಮತ್ತ ಮಾಡು."

ಮತ್ತೆ ಮಾಡಿದ ಸರ್ವಿಸಿಗೆ ಜಮೀಲಾಳ ಕೈ ಸೋತಿತ್ತು. ಪಾಳಿ ಬದಲಾಯಿತು. ಯಮನೂರಮ್ಮ ಒಂಬತ್ತಾದಳು, ಹತ್ತಾದಳು. ಮೊದಲು ಹತ್ತು ಮುಟ್ಟಿದವಳೇ ಹೇಳಬೇಕಾದ್ದರಿಂದ, ಆಟವನ್ನು ಹನ್ನೊಂದರಾಚೆ ಹಿಗ್ಗಿಸಬೇಕೋ ಎಂದು ಕರಿಬಸಪ್ಪ ಕೇಳಿದಾಗ ಜಮೀಲಾ ಬೇಡವೆಂದು ತಲೆಯಲ್ಲಾಡಿಸಿದಳು. ಮುಂದಿನ ಹೊಡೆತಕ್ಕೆ ಅವಳ ಬ್ಯಾಟು ಬಲೆಗೆ ತಗುಲಿತು. ಮೈಲಾರಲಿಂಗಪ್ಪ ಹನ್ನೊಂದನೆಯ ಗಂಟು ಹಾಕಿದ. ರಾಯಚೂರು ಯಮನೂರಮ್ಮನ ಪಾಲಾಯಿತು.

ಮಸ್ಕಿಯ ಬಸ್ಸು ಹೊರಡುವ ಮುನ್ನ ಖಾತೂನ್‌ಬೀ ಕಿಟಕಿಯ ಬಳಿಗೆ ಬಂದಳು. ಮೊಮ್ಮಗಳು ಎಲ್ಲ ಹೇಳಿದ್ದಳೆಂಬುದು ಮುಖದಲ್ಲೇ ಕಾಣುತ್ತಿತ್ತು.

"ಒಳಗ ಅಂದ್ರ ನಮ್ಮ ಹುಡುಗಿ ಗೆಲ್ತಿದ್ಲಂತ. ನೀ ಒಳಗ ಅಂದಿ. ಯಾಕ?"

"ಸುಣ್ಣ ಹಾರ್ತು, ಬೀ. ಅದಕ್ಕ."

"ಮಗಳ ಸೋಲು ಯಾವ ಅಪ್ಪ ಹೇಳ್ತಾನ?" ಅವಳು ಕಿಟಕಿಯ ಸರಳು ಹಿಡಿದಳು. "ನೀ ಏನಂದ್ರೂ ನಾ ಉಲ್ಟಾ ಅಂತೀನಿ ಅಂತ ನಿನಗ ಗೊತ್ತಿತ್ತು. ಅದಕ್ಕಾ ಒಳಗ ಅಂದಿ. ಹೌದಿಲ್ಲ?"

ಬಸ್ಸು ಕದಲಿತು.

ಊರು ದಾಟಿ ಜೋಳದ ಹೊಲಗಳು ಶುರುವಾದ ಮೇಲೆ ಯಮನೂರಮ್ಮ ಕೇಳಿದಳು, "ಗೊತ್ತಿತ್ತೇನು ಯಪ್ಪಾ, ನಿನಗ?"

ಸುಣ್ಣ ಹಾರಿದ್ದನ್ನು ಅವನು ಕಂಡದ್ದು ನಿಜ. ಬಾಯಿ ತೆರೆಯುವ ಮೊದಲು ಕಣ್ಣು ಒಮ್ಮೆ ಪಕ್ಕಕ್ಕೆ ಹೊರಳಿದ್ದೂ ನಿಜ. ಮುದುಕಿಯ ತುಟಿ ಆಗಲೇ ಬಿರಿದಿತ್ತು. ಆ ತುಟಿಯನ್ನು ಕಂಡು ಹೇಳಿದನೋ, ಸುಣ್ಣ ಕಂಡದ್ದಕ್ಕೇ ಹೇಳಿದನೋ? ಹತ್ತು ವರ್ಷ ಎಷ್ಟೋ ಜನರ ಬೀಗಗಳನ್ನು ಬಗ್ಗಿ ನೋಡಿದವನು ಇಂದು ತನ್ನದೇ ಒಂದನ್ನು ಬಗ್ಗಿ ನೋಡಿದ. ಯಾರೋ ಮುಟ್ಟಿದಂತೆಯೂ ಇತ್ತು, ಮುಟ್ಟದಂತೆಯೂ ಇತ್ತು.

"ಯಪ್ಪಾ, ನಿನ್ನಾ ಕೇಳಾಕತ್ತೀನಿ."

ಅವನು ನೂಲನ್ನು ಸುತ್ತಿ ಅಂಗಿಯ ಜೇಬಿಗೆ ಹಾಕಿದ.

"ರಾಯಚೂರಾಗ ಗೆರಿ ಕಾಯವರು ಯಾರು ಅಂತ ಮೊದ್ಲ ಕೇಳ್ಕೊ," ಎಂದ. "ಯಾರ ತಂಬಿಗಿ ನೀರು ಕುಡೀತಾರ, ಅದನ್ನೂ ನೋಡು."