ಅತ್ತೆ ಹಲಗೆ ದಾಟುವಷ್ಟು ಬೆಳಕು

“ತುಳಿಯೋಕೇನೇ ನಿನಗೆ ದಾಡಿ? ತಿಂದು ತಿಂದು ಕೊಬ್ಬಿದೀಯ, ದೀಪ ನೋಡಿದ್ರೆ ಸಾಯೋ ಮುದುಕನ ಥರ ಮಿಣಮಿಣ ಅಂತಿದೆ.”

ಬಡಾವಣೆಯ ಸೆಕ್ರೆಟರಿ ನನ್ನ ಸೈಕಲ್ಲಿನ ಮುಂದೆ ನಿಂತು ಬೈಯುತ್ತಿದ್ದ. ಈ ಸೈಕಲ್ಲು ಎಲ್ಲಿಗೂ ಹೋಗುವುದಿಲ್ಲ. ಪಾರ್ಕಿನ ನಡುವೆ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಐದು ಸೈಕಲ್ಲುಗಳಲ್ಲಿ ಇದೊಂದು. ತುಳಿದರೆ ಪಾರ್ಕಿನ ದೀಪ ಉರಿಯುತ್ತದೆ, ಬಿಟ್ಟರೆ ಆರುತ್ತದೆ. ಸೆಕ್ರೆಟರಿ ಸದಾ ಹೊಳೆಯುವ ಹಸಿರು ಜಾಕೆಟ್ಟು ತೊಡುತ್ತಾನೆ, ಅದಕ್ಕೇ ನಾವು ಮನೆಗೆಲಸದವರು ಅವನಿಗೆ ಮಿಣುಕುಹುಳ ಅಂತ ಹೆಸರಿಟ್ಟಿದ್ದೇವೆ. ಬೈಸಿಕೊಳ್ಳುವಾಗಲೇ ಆ ಹೆಸರು ನೆನಪಾಗಿ ನಗು ಒತ್ತರಿಸಿ ಬರುತ್ತದೆ. ನಕ್ಕರೆ ಇನ್ನಷ್ಟು ಬೈಗುಳ.

ಬಡಾವಣೆ ಚೆಂದವೇ, ಸುಳ್ಳೇಕೆ ಹೇಳಲಿ. ಮಹಡಿಯ ಮೇಲೆ ತೋಟ, ಗಾಳಿ ಹಾಯುವಂತೆ ಎದುರುಬದುರು ಕಿಟಕಿ, ಬೀದಿಗೆಲ್ಲ ಮರದ ನೆರಳು. ಕರೆಂಟು ಉಳಿಯಬೇಕೆಂದು ಕೆಲಸದವರಿಗೆ ಲಿಫ್ಟು ಇಲ್ಲ. ಆ ತೋಟದ ಮಣ್ಣು ಮೆಟ್ಟಿಲು ಹತ್ತಿದ್ದು ನಮ್ಮ ತಲೆಯ ಮೇಲೆ. ಸೈಕಲ್ಲನ್ನು ಎಲ್ಲ ಮನೆಯವರೂ ಸರದಿಯ ಮೇಲೆ ತುಳಿಯಬೇಕೆಂದು ಮೀಟಿಂಗಿನಲ್ಲಿ ಠರಾವಾಯಿತು. ಮೊದಲ ವಾರ ತುಳಿದರು, ಫೋಟೋ ತೆಗೆಸಿಕೊಂಡರು. ಆಮೇಲೆ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಪುರುಸೊತ್ತಿಲ್ಲ. ಈಗ ಪಾತ್ರೆ ತಿಕ್ಕಿ ನೆಲ ಒರೆಸಿದ ಮೇಲೆ ನಾವೇ ತುಳಿಯುತ್ತೇವೆ, ಕೊರಳಿಗೆ ಯಜಮಾನರ ಮನೆ ನಂಬರಿನ ಬಿಲ್ಲೆ ಹಾಕಿಕೊಂಡು. ಪುಣ್ಯವೆಲ್ಲ ಬಿಲ್ಲೆಯ ಮನೆಗೆ. ನನ್ನ ಯಜಮಾನಿಗೆ ಎರಡು ಸಲ ‘ಉತ್ತಮ ಪಾದ’ ಎಂಬ ಬಿರುದು ಬಂದಿದೆ. ಆ ಪಾದಕ್ಕೆ ಎಣ್ಣೆ ತಿಕ್ಕುವವಳೂ ನಾನೇ.

ಬಡಾವಣೆಯ ಹಿಂಗೋಡೆಗೆ ಆತುಕೊಂಡೇ ನಮ್ಮ ಓಣಿ. ಓಣಿಗೆಲ್ಲ ಒಂದೇ ದೀಪ, ಗೋಡೆಯ ಮೇಲಿಂದ ಹಾದುಬಂದ ಬಡಾವಣೆಯ ವೈರಿನದು. ಕಕ್ಕಸಿಗೆ ಹೋಗಬೇಕಾದರೆ ತೆರೆದ ಚರಂಡಿಯ ಮೇಲಿನ ಹಲಗೆ ದಾಟಬೇಕು, ಅದಕ್ಕೆ ಆ ದೀಪವೇ ಗತಿ. ಕರೆಂಟು ಉಳಿಸುವುದರಲ್ಲಿ ತನ್ನ ಬಡಾವಣೆಯೇ ಮೊದಲು ಬರಬೇಕೆಂದು ಹೊರಟ ಮಿಣುಕುಹುಳ ಮೊಟ್ಟಮೊದಲು ಕೀಳಿಸಿದ್ದು ಅದನ್ನೇ. ಖುದ್ದು ಬಂದು ವಿವರಿಸಿದ: ಕತ್ತಲು ಹಕ್ಕಿಗಳಿಗೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು, ಕತ್ತಲೂ ಒಂದು ಸಂಪತ್ತು.

“ಸಂಪತ್ತಾದ್ರೆ ನಿಮ್ಮನೇಲೂ ಒಂಚೂರು ಇಟ್ಕೊಳ್ಳಿ ಸ್ವಾಮಿ,” ಅಂದಳು ನನ್ನ ಅತ್ತೆ. “ಎಲ್ಲಾ ನಮಗೇ ಕೊಟ್ಬಿಟ್ರೆ ಹೆಂಗೆ?”

ಅದೇ ವಾರ ಅತ್ತೆ ಕತ್ತಲಲ್ಲಿ ಹಲಗೆ ತಪ್ಪಿ ಚರಂಡಿಗೆ ಬಿದ್ದಳು. ಕಾಲು ಮುರಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದದ್ದು ಹೀಗೆ, ಸಂಜೆಯಾದರೆ ಅವಳನ್ನು ಬೆನ್ನ ಮೇಲೆ ಹೊತ್ತು ಹಲಗೆ ದಾಟಿಸಬೇಕು. ಬೆನ್ನ ಮೇಲೆ ಕೂತೇ ಅವಳು ಮಿಣುಕುಹುಳನ ವಂಶವನ್ನೆಲ್ಲ ಎಣಿಸಿ ಎಣಿಸಿ ಉದ್ಧಾರ ಮಾಡುತ್ತಿದ್ದಳು. ಬರಬರುತ್ತಾ ಹೊತ್ತು ಮುಳುಗುವ ಮುಂಚೆಯೇ ನೀರು ಕುಡಿಯುವುದನ್ನು ನಿಲ್ಲಿಸಿಬಿಟ್ಟಳು, ನನಗೆ ಭಾರವಾಗಬಾರದೆಂದು. ಅವಳ ತುಟಿ ಒಣಗಿ ಬಿರಿದಿರುತ್ತಿತ್ತು.

ಅಷ್ಟರಲ್ಲಿ ಬಹುಮಾನ ಕೊಡುವ ಅತಿಥಿಗಳು ಬರುತ್ತಾರೆಂದು ಸುದ್ದಿಯಾಯಿತು. ಬಡಾವಣೆಯ ವೈರಿನ ಕೆಲಸವೆಲ್ಲ ನನ್ನ ಮೈದುನನದು. ಸೈಕಲ್ಲಿನ ವೈರು ಸವೆದಿದೆ, ಹೊಸದು ಕೊಡಿಸಿ ಎಂದು ಅವನು ಕೇಳಿದ. ಹೊಸದನ್ನು ಕೊಳ್ಳುವುದು ಭೂಮಿಗೆ ಮಾಡುವ ದ್ರೋಹ, ಓಣಿಯ ದೀಪದ ಹಳೇ ವೈರು ಗೋಡೆಯ ಮೇಲೆ ಬಿದ್ದಿದೆಯಲ್ಲ, ಅದನ್ನೇ ಸೈಕಲ್ಲಿಗೆ ಜೋಡಿಸು ಎಂದು ಮಿಣುಕುಹುಳ ಉಪದೇಶ ಮಾಡಿದ. ಮೈದುನ ಮನೆಗೆ ಬಂದು ಊಟಕ್ಕೆ ಕೂತವನು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ.

“ಜೋಡ್ಸು ಅಂದ, ಅತ್ತಿಗೆ. ಓಣಿ ಕಡೆ ತುದೀಲಿ ದೀಪ ಇರಬಾರ್ದು ಅಂತೇನೂ ಅನ್ಲಿಲ್ಲ.”

ಕಿತ್ತ ದೀಪವನ್ನು ಅತ್ತೆ ಎಸೆಯದೆ ಮಂಚದ ಕೆಳಗೇ ಇಟ್ಟುಕೊಂಡಿದ್ದಳು. ಅದನ್ನು ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟಳು. ಅತಿಥಿಗಳು ಬರುವ ಸಂಜೆ ಯಾರೂ ನನ್ನ ಹೊರಬೇಡಿ, ಊರುಗೋಲು ಹಿಡಿದು ನಾನೇ ಹೋಗಿಬರುತ್ತೇನೆ ಎಂದು ಅಪ್ಪಣೆ ಮಾಡಿದಳು. ಮಧ್ಯಾಹ್ನದಿಂದಲೇ ಚೊಂಬುಗಟ್ಟಲೆ ನೀರು ಕುಡಿಯುತ್ತೇನೆ ಅಂತಲೂ ಹೇಳಿದಳು.

ಅತಿಥಿಗಳು ಬಂದರು. ಅವತ್ತು ಯಜಮಾನ ಯಜಮಾನಿಯರೇ ಬಿಲ್ಲೆ ಹಾಕಿಕೊಂಡು ಸೈಕಲ್ಲೇರಿದರು, ಒಬ್ಬರಿಗೂ ಮಂಡಿನೋವಿರಲಿಲ್ಲ. ನಾವು ಐವರು ಟವೆಲ್ಲು ಹಿಡಿದು ಹಿಂದೆ ನಿಲ್ಲಬೇಕು, ಬಾಯಿ ಬಿಡಬಾರದು. ಹೊತ್ತು ಮುಳುಗಿತು. ಮಿಣುಕುಹುಳ ಕೈ ಬೀಸಿದ, ಎಲ್ಲರೂ ತುಳಿದರು. ಪಾರ್ಕು ಕತ್ತಲಾಗಿಯೇ ಇತ್ತು.

ಜೋರಾಗಿ ಅಂದ. ತುಳಿದರು. ಇನ್ನೂ ಜೋರಾಗಿ ಅಂದ. ನನ್ನ ಯಜಮಾನಿಯ ಉತ್ತಮ ಪಾದಗಳು ಗಿರಗಿರ ತಿರುಗಿದವು, ತುರುಬು ಬಿಚ್ಚಿಹೋಯಿತು. ಎದುರುಮನೆಯ ವಕೀಲರ ಹೊಟ್ಟೆಯ ಮೇಲಿನ ಗುಂಡಿ ಟಪ್ಪೆಂದು ಹಾರಿ ಅತಿಥಿಯೊಬ್ಬರ ಮಡಿಲಿಗೆ ಬಿತ್ತು. ಆಗ ಗೋಡೆಯಾಚೆ ನಮ್ಮ ಓಣಿಯ ತಗಡಿನ ಮಾಡುಗಳೆಲ್ಲ ಹೊಳೆದವು. ಮಕ್ಕಳು ಹೋ ಎಂದು ಕೂಗಿದರು. ನಾನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಪಕ್ಕದವಳು ನಗು ತಾಳಲಾರದೆ ಹೊಟ್ಟೆ ಹಿಡಿದು ನೆಲಕ್ಕೇ ಕೂತಳು.

ಆ ಬೆಳಕೂ ನಿಮ್ಮ ಬಡಾವಣೆಯದೇ ಎಂದು ಅತಿಥಿಯೊಬ್ಬರು ಮೆಚ್ಚಿಗೆಯಿಂದಲೇ ವಿಚಾರಿಸಿದರು. ಮಿಣುಕುಹುಳ ಗೋಡೆ ನೋಡಿದ, ವೈರು ನೋಡಿದ.

“ನಿಲ್ಸಿ. ನಿಲ್ಸಿ ಅಂದ್ನಲ್ಲ, ಓಣಿ ಬೋಳಿಮಕ್ಳು ಕೈ ಕೊಟ್ರು.”

ಎಲ್ಲರೂ ಏದುಸಿರು ಬಿಡುತ್ತಾ ಇಳಿದರು. ಓಣಿ ಕಪ್ಪಾಯಿತು. ಆಚೆ ಹಲಗೆಯ ಮೇಲೆ ಟಕ್ ಟಕ್ ಎನ್ನುತ್ತಿದ್ದ ಊರುಗೋಲಿನ ಸದ್ದು ತಟ್ಟನೆ ನಿಂತಿತು. ಅತ್ತೆ ಹಲಗೆಯ ನಟ್ಟನಡುವೆ ಇದ್ದಳು, ಯಾರ ಬೆನ್ನೂ ಇಲ್ಲದೆ.

ನನ್ನ ನಗು ಎಲ್ಲಿ ಹೋಯಿತೋ. ಯಜಮಾನಿಯನ್ನು ಸರಿಸಿ ಸೀಟಿಗೆ ಹಾರಿದೆ. ಮಿಣುಕುಹುಳ ಹ್ಯಾಂಡಲ್ಲು ಹಿಡಿದು, ಇಳಿಯೇ ಲೌಡಿ, ನಾಳೆಯಿಂದ ನಿಮಗ್ಯಾರಿಗೂ ಇಲ್ಲಿ ಕೆಲಸವಿಲ್ಲ ಅಂದ.

“ನಾಳೇದು ನಾಳೆಗಾಯ್ತು. ನಮ್ಮತ್ತೆ ಹಲಗೆ ಮೇಲಿದಾಳೆ. ಕೈ ತೆಗಿ.”

ಮಿಕ್ಕ ನಾಲ್ವರೂ ಹತ್ತಿದರು, ನೆಲಕ್ಕೆ ಕೂತಿದ್ದವಳೂ ಕಣ್ಣೊರೆಸಿಕೊಂಡು ಹತ್ತಿದಳು. ಕೊರಳಲ್ಲಿ ಯಾರ ನಂಬರೂ ಇಲ್ಲದೆ ತುಳಿದದ್ದು ಅದೇ ಮೊದಲು. ಪೆಡಲು ಅಷ್ಟು ಹಗುರವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಓಣಿ ಮತ್ತೆ ಹೊಳೆಯಿತು. ಊರುಗೋಲು ಟಕ್ ಟಕ್ ಎಂದು ಮುಂದೆ ಹೋಯಿತು. ಕಕ್ಕಸಿನ ಬಾಗಿಲು ಕಿರ್ರೆಂದು ಮುಚ್ಚಿತು. ಇನ್ನೂ ದೊಡ್ಡಮನುಷ್ಯರೇ ತುಳಿಯುತ್ತಿದ್ದಾರೆಂದುಕೊಂಡು ಅತ್ತೆ ಒಳಗಿಂದಲೇ ಕೂಗಿದಳು:

“ಕಾಲು ನಿಲ್ಲಿಸ್ಬೇಡ್ರೋ ಹಲ್ಕಾಗಳಾ. ನಾನಿನ್ನೂ ವಾಪಸ್ ಬರ್ಬೇಕು.”