ಕೆಸರಿಲ್ಲದ ಜಾಗ

ಮೂರು ವರ್ಷ ನನ್ನ ಹೆಬ್ಬೆಟ್ಟನ್ನು ಯಾರಿಗೂ ಕೊಟ್ಟಿರಲಿಲ್ಲ. ಬೂಗನ್‌ವಿಲ್ ದ್ವೀಪದ ನಮ್ಮ ಕಡೆ ನೆಲ ಹೆಂಗಸರದು. ನಾನು ಒತ್ತದೆ ಕಾಡಿನ ಒಪ್ಪಂದ ಆಗುವಂತಿರಲಿಲ್ಲ. ಎರಡು ಕುಲದವರೂ ಸೇರಿ ಕಾಡು ಕಾಯಬೇಕು, ಮರ ಕಡಿಯುವ ಕಂಪನಿಯವರನ್ನು ಒಳಗೆ ಬಿಡಬಾರದು ಅಂತ ಒಪ್ಪಂದ. ಒಳ್ಳೆಯದೇ. ಆದರೆ ಇಪ್ಪತ್ತೇಳು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ನನ್ನ ತಮ್ಮ ರೊಮಾನಸ್ ಆ ಕಾಡಿಗೆ ಹೋದವನು ಮರಳಲಿಲ್ಲ. ಅವನನ್ನು ಎಲ್ಲಿ ಹೂತಿದ್ದೀರಿ ಹೇಳಿ, ಆಮೇಲೆ ಒತ್ತುತ್ತೇನೆ ಅಂದಿದ್ದೆ. ಆಚೆ ಕುಲದವರು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಹೋದ ತಿಂಗಳು ಒಂದು ಮರದ ವಿಷಯಕ್ಕೆ ಎರಡೂ ಕಡೆಯ ಹುಡುಗರು ಕತ್ತಿ ಹಿಡಿದು ನಿಂತರು. ಗಡಿ ಗುರುತಿಸಿ ನಡೆಯಲು ಮಾತ್ರ ಬರುತ್ತೇನೆ, ಹೆಬ್ಬೆಟ್ಟಿನ ಮಾತು ಆಮೇಲೆ ಅಂತ ಹೊರಟೆ.

ನಾವು ಮೂವರು: ನಾನು, ಆಚೆ ಕುಲದ ಕೊಸ್ಮಾಸ್, ಅಳತೆ ಬರೆದುಕೊಳ್ಳಲು ಅರಣ್ಯ ಕಚೇರಿಯ ಹುಡುಗಿ ಜಸಿಂತಾ. ಒಪ್ಪಂದದ ಕಾಗದವೂ ಹೆಬ್ಬೆಟ್ಟಿನ ಶಾಯಿ ಡಬ್ಬಿಯೂ ಸದಾ ಅವಳ ಚೀಲದಲ್ಲಿ. ಕೊಸ್ಮಾಸ್ ಮುಂದೆ ಬಳ್ಳಿ ಸವರುತ್ತಾ ಹೋಗುವುದು, ನಾನು ಹಿಂದೆ ಕೆಂಪೆಲೆಯ ಟಾಂಗೆಟ್ ಕಡ್ಡಿ ನೆಡುತ್ತಾ ಬರುವುದು. ಗಡಿಗೆ, ಗೋರಿಗೆ, ರಾಜಿಗೆ, ಎಲ್ಲಕ್ಕೂ ನಮ್ಮಲ್ಲಿ ಅದೇ ಗಿಡ. ಜಸಿಂತಾ ಟೇಪು ಸುತ್ತುತ್ತಾ ಹಿಂದೆಲ್ಲೋ ಉಳಿದಿದ್ದಳು.

"ನಿಧಾನ ಅಕ್ಕಾ. ನಿಮ್ ಮೊಣಕಾಲು..."

"ನನ್ ಮೊಣಕಾಲಿನ ಚಿಂತೆ ನಿನಗ್ಯಾಕೋ? ಮುಂದೆ ನೋಡ್ಕೊಂಡ್ ನಡಿ."

ಹಳ್ಳ ದಾಟಿದ ಮೇಲೆ ಅವನು ಇದ್ದಕ್ಕಿದ್ದಂತೆ ಬಲಕ್ಕೆ, ತನ್ನ ಅಕ್ಕನ ನೆಲದೊಳಕ್ಕೆ ತಿರುಗಿದ.

"ಎಲ್ಲಿಗೋ? ಗೆರೆ ನೇರ ಇದೆ."

"ಅಲ್ಲಿ ಕೆಸರು ಅಕ್ಕಾ. ಸುತ್ತಿ ಹೋಗೋಣ."

ಕೆಸರಂತೆ! ಈ ವರ್ಷ ಮಳೆ ಕೈಕೊಟ್ಟು ಹಳ್ಳದಲ್ಲೇ ಪಾದ ಮುಳುಗುವಷ್ಟು ನೀರಿರಲಿಲ್ಲ. ಇವನು ಹಾಗೆ ಸುತ್ತಿದರೆ ಅವನ ಅಕ್ಕನ ನೆಲ ನಲವತ್ತು ಹೆಜ್ಜೆ ನನಗೆ ಸೇರುತ್ತದೆ. ಗೇಣು ನೆಲಕ್ಕೆ ಕತ್ತಿ ಹಿರಿಯುವ ಜನ ನಾವು. ಪುಕ್ಕಟೆ ಬಿಟ್ಟುಕೊಡುವವನನ್ನು ಹುಟ್ಟಿದಾಗಿನಿಂದ ಕಂಡಿಲ್ಲ. ನಾನು ನೇರ ನಡೆದೆ.

ನೆಲ ಒಣಗಿ ಬಿರಿದಿತ್ತು. ಗೆರೆಯಿಂದ ಹತ್ತು ಹೆಜ್ಜೆ ಆಚೆ, ಅವರ ಕಡೆಯಲ್ಲಿ, ನನಗಿಂತ ಎತ್ತರದ ಒಂದು ಟಾಂಗೆಟ್. ಸುತ್ತ ತೋಟವಿಲ್ಲ, ಮನೆಯಿಲ್ಲ. ಬುಡದ ಕಳೆ ಕಿತ್ತು ವಾರವೂ ಆಗಿರಲಿಲ್ಲ. ಅದು ನಡುಗಾಡಿನಲ್ಲಿ ತಾನಾಗಿ ಹುಟ್ಟುವ ಗಿಡವಲ್ಲ.

"ಯಾರು ನೆಟ್ಟಿದ್ದು?" ಅಂದೆ.

ಕೊಸ್ಮಾಸ್ ಬಾಯಲ್ಲಿದ್ದ ಅಡಿಕೆ ಉಗಿದ. "ನಾನೇ ಅಕ್ಕಾ. ಆವತ್ತೇ."

"ಹೊಡೆದಿದ್ದೂ ನೀನೇನಾ?"

"ಐದು ಜನ ಹೊಡೆದ್ವಿ. ಯಾರ ಗುಂಡೋ ಗೊತ್ತಿಲ್ಲ. ಮಣ್ಣು ಮುಚ್ಚಿದ್ದು ನಾನೊಬ್ನೇ. ನಂಗೆ ಆಗ ಹದಿನೇಳು."

"ಇಷ್ಟು ವರ್ಷ ಬಾಯಿ ಬಿಡಕ್ಕೆ ಏನಾಗಿತ್ತೋ ಪಾಪಿ! ಅಮ್ಮ ಸಾಯೋವರೆಗೂ ಅವನ ಪಾಲಿನ ಗೆಣಸು ಎತ್ತಿಡ್ತಿದ್ಲು."

"ಹೇಳಿದ್ರೆ ನಿಮ್ಮವರು ಸುಮ್ನೆ ಬಿಡ್ತಿದ್ರಾ? ನನ್ ಜೊತೆ ಹೊಡೆದವರಲ್ಲಿ ಇಬ್ಬರು ಇನ್ನೂ ಬದುಕಿದಾರೆ. ಅವರ ಮಕ್ಕಳಿದಾರೆ." ಅವನು ಕಣ್ಣೊರೆಸಿಕೊಂಡ. "ಅವನು ನಮ್ ನೆಲದಲ್ಲಿ ಮಲಗಿರೋದು ಸರಿಯಲ್ಲ ಅಕ್ಕಾ. ಅದಕ್ಕೇ ಸುತ್ತಿದೆ. ನಮ್ಮಕ್ಕನಿಗೆ ಏನಾದ್ರೂ ಹೇಳ್ಕೋತೀನಿ."

ಅವನ ಕತ್ತಿ ಕಿತ್ತುಕೊಂಡು ಅವನ ಮೇಲೇ ಎತ್ತಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ. ಊರಲ್ಲಿ ಕತ್ತಿ ಹಿಡಿದು ಕಾಯುತ್ತಿದ್ದ ಹುಡುಗರು ನೆನಪಾದರು. ಅವರಲ್ಲಿ ನನ್ನ ಮಗಳ ಮಗನೂ ಒಬ್ಬ. ಅವನಿಗೂ ರೊಮಾನಸ್ ಅಂತಲೇ ಹೆಸರು. ಅಲ್ಲೇ ಕುಸಿದು ಗಿಡದ ಬುಡ ತಬ್ಬಿಕೊಂಡು ಗೋಳೋ ಎಂದು ಅತ್ತೆ.

"ಇನ್ನು ಇಲ್ಲಿ ಕಳೆ ಕೀಳೋದು ನಾನು," ಅಂದೆ ಕೊನೆಗೆ. "ನೀನು ಕಾಲಿಡಕೂಡದು."

ಅವನು ತಲೆಯಾಡಿಸಿ, ಗಿಡ ನನ್ನ ಕಡೆ ಬರುವಂತೆ ಬಲಕ್ಕೆ ಸುತ್ತಿ ಬಳ್ಳಿ ಸವರಿದ; ನಾನು ಹಿಂದೆ ಕಡ್ಡಿ ನೆಟ್ಟೆ.

ಏದುಸಿರು ಬಿಡುತ್ತಾ ಜಸಿಂತಾ ಬಂದಳು. "ಏನಾಯ್ತು ಅಜ್ಜಿ, ಕಣ್ಣೆಲ್ಲಾ ಕೆಂಪಗಿದೆ? ಗೆರೆ ಯಾಕೆ ಇಲ್ಲಿ ಸೊಟ್ಟಗಾಯ್ತು? ನಾನು ಕಾರಣ ಬರೀಬೇಕು."

ಕೊಸ್ಮಾಸ್ ನೆಲ ನೋಡುತ್ತಿದ್ದ.

"ಕೆಸರಿತ್ತು," ಅಂದೆ.

ಅವಳು ತನ್ನ ಶೂ ನೋಡಿಕೊಂಡಳು. ಬರೀ ಧೂಳು. "ಎಲ್ಲಿ ಅಜ್ಜಿ ಕೆಸರು?"

"ಬರಿ ಅಂದ್ರೆ ಬರೀಬೇಕು ಕಣೇ! ಕೆಸರು ಅಂತ ಬರಿ. ಎಲ್ಲಿ, ಆ ಶಾಯಿ ಡಬ್ಬಿ ಕೊಡು."