ಸ್ವಲ್ಪ ಕದಡಿದೆ

ನಲವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದವರಿಗೆ ಎದುರಿನವರು ಬಾಯಿ ತೆರೆಯುವುದು ರೂಢಿ, ಮಾತಾಡುವುದಲ್ಲ. ಒಬ್ಬರೇ ಮಾತಾಡಿ ಒಬ್ಬರೇ ನಕ್ಕು ಕಾಲ ಹಾಕಿದ್ದರು. ನಿವೃತ್ತಿಯ ನಂತರ ಈ ಪುಟ್ಟ ಕೆರೆಯನ್ನು ಮಣ್ಣಿನ ಏರಿಯ ಸಮೇತ ಕೊಂಡದ್ದೇ ಅಕ್ಕತಂಗಿಯರ ಮಕ್ಕಳು ರಜೆಗೆ ಬಂದು ಈಜಲಿ, ದೋಣಿಯಾಡಲಿ ಎಂದು. ಎರಡು ಬೇಸಿಗೆ ಬಂದರು. ಮೂರನೆಯದಕ್ಕೆ ಅವರಿಗೆ ಈಜುಕೊಳದ ಹೋಟೆಲು ಸಿಕ್ಕಿತು.

ಉಳಿದದ್ದು ಸೋಮವಾರದ ಫೋನು. ಏರಿಯ ಬುಡದ ಕೊಳವೆಯಲ್ಲಿ ಜಿನುಗುವ ನೀರಿಗೆ ಲೋಟ ಹಿಡಿದು, ಎಷ್ಟು ಸೆಕೆಂಡಿಗೆ ತುಂಬಿತೆಂದು ಏರಿ ಗಟ್ಟಿಯಿದೆಯೇ ಎಂದು ತಪಾಸಣೆ ಮಾಡುವ ಎಂಜಿನಿಯರಮ್ಮನಿಗೆ ತಿಳಿಸಬೇಕು.

“ಐವತ್ತೆರಡು,” ಎನ್ನುವರು ಡಾಕ್ಟರು.

“ತಿಳಿಯೋ, ಕದಡೋ?”

“ನಿಮ್ಮ ಆಫೀಸಿನ ಕಾಫಿಗಿಂತ ತಿಳಿ.”

ಆಕೆ ನಗುವರು. ಆ ನಗುವಿನ ಮೇಲೆ ಡಾಕ್ಟರ ವಾರ ಉರುಳುತ್ತಿತ್ತು.

ಒಂದು ಸೋಮವಾರ ಆಕೆ, “ವರ್ಷದಿಂದ ಅದೇ ಐವತ್ತೆರಡು, ಡಾಕ್ಟ್ರೇ. ಇನ್ಮೇಲೆ ವರ್ಷಕ್ಕೊಂದ್ಸಲ ಹೇಳಿದ್ರೆ ಸಾಕು,” ಎಂದರು. ಒಳ್ಳೆಯ ಸುದ್ದಿಯೇ. ಮರುದಿನ ಬೆಳಿಗ್ಗೆ ಡಾಕ್ಟರ ಬೆರಳು ಅದೇ ನಂಬರು ಒತ್ತಿತು.

“ಇಪ್ಪತ್ತು ಸೆಕೆಂಡು. ಸ್ವಲ್ಪ ಕದಡಿದೆ.”

ಆ ಕಡೆಯಿಂದ ನಗು ಬರಲಿಲ್ಲ.

ಗಂಟೆಯೊಳಗೆ ಆಕೆಯೇ ಬಂದರು, ಮೊಣಕಾಲುದ್ದ ಬೂಟು ಹಾಕಿಕೊಂಡು. ಡಾಕ್ಟರು ಇಸ್ತ್ರಿ ಅಂಗಿ ತೊಟ್ಟು, ಎರಡು ಕುರ್ಚಿ ಹೊರಗಿಟ್ಟು ಕಾದಿದ್ದರು. ಆಕೆ ಅತ್ತ ತಿರುಗಿಯೂ ನೋಡದೆ ಕೊಳವೆಗೆ ಲೋಟ ಹಿಡಿದರು. ಐವತ್ತೆರಡು. ನೀರು ಕನ್ನಡಿಯಂತಿತ್ತು.

“ಈಗೇನೋ ತಿಳಿಯಾಗಿದೆ. ಏರಿಯೊಳಗೆ ಮಣ್ಣು ಕೊಚ್ಚಿ ಹೋಗ್ತಿದ್ರೆ ಹೀಗೇ ಬಿಟ್ಟು ಬಿಟ್ಟು ಕದಡುತ್ತೆ. ಕೆಳಗೆ ಹದಿನೆಂಟು ಮನೆ ಇವೆ. ಕೆರೆ ಖಾಲಿ ಮಾಡಿ ಅಗೆದು ನೋಡ್ಬೇಕು.”

ಡಾಕ್ಟರು ಆಕೆಯ ಎದುರು ಬಂದು ನಿಂತರು. “ಸುಳ್ಳು ಹೇಳಿದೆ, ಅಮ್ಮಾ. ಕದಡಿರಲಿಲ್ಲ.”

“ಖಾಲಿ ಮಾಡಿ ಅಂದ ತಕ್ಷಣ ಎಲ್ಲ ಮಾಲೀಕರೂ ಇದನ್ನೇ ಹೇಳ್ತಾರೆ. ಒಬ್ಬರಂತೂ ಅತ್ತುಬಿಟ್ರು. ಅಂಥ ಸುಳ್ಳು ನೀವ್ಯಾಕೆ ಹೇಳ್ತೀರಿ?”

ಕಾರಣ ನಾಲಿಗೆಯ ತುದಿಯವರೆಗೆ ಬಂತು. ಹದಿನೆಂಟು ಮನೆಗಳ ಎದುರು ಅದು ತೀರಾ ಚಿಕ್ಕದಾಗಿ ಕಂಡು ಅಲ್ಲೇ ನಿಂತಿತು.

ಕೆರೆಯ ನೀರು ಬಿಡುವ ತೂಬಿನ ಚಕ್ರ ಬಿಗಿಯಾಗಿತ್ತು. ಇಬ್ಬರೂ ಕೈಹಚ್ಚಿ ತಿರುಗಿಸಿದರು. “ನಮ್ಮತ್ತೆಗೆ ಹಲ್ಲು ಕಟ್ಟಿಸ್ಬೇಕು, ಯಾರ ಹತ್ರ ಹೋಗೋದು?” ಎಂದು ಆಕೆ ಏದುಸಿರಿನಲ್ಲೇ ಕೇಳಿದರು. ಡಾಕ್ಟರು ಹೇಳಿದರು, ಬೇಕಾದ್ದಕ್ಕಿಂತ ಉದ್ದವಾಗಿ, ಚಕ್ರ ಕೊನೆ ಮುಟ್ಟುವವರೆಗೂ.

“ನೀರಿಳಿಯೋಕೆ ಹತ್ತು ದಿನ. ಅಗೆಯೋರು ಆಮೇಲೆ ಬರ್ತಾರೆ.”

“ನೀವು?”

“ನನ್ನ ಕೆಲಸ ಮುಗೀತಲ್ಲ, ಡಾಕ್ಟ್ರೇ.”

ಜೀಪು ಹೋಯಿತು. ಸಂಜೆಗೆ ದೋಣಿ ಕಟ್ಟುವ ಜಾಗದಲ್ಲಿ ಮೆಟ್ಟಿಲೊಂದು ಪಾಚಿ ಹೊತ್ತು ಮೇಲೆದ್ದಿತ್ತು. ಡಾಕ್ಟರು ಅದರ ಮೇಲೆ ಕೂತು, ಏರಿಯಾಚೆ ನೀರು ಬೀಳುವ ಸದ್ದು ಕೇಳುತ್ತಿದ್ದರು.